ಗುರ್ತ ಇಲ್ಲದವರ ಹತ್ರ ಹೋಗಿ ಮ್ಯಾಜಿಕ್ ತೋರ್ಸುದು ಹೇಗೆ, ಅದೂ ನಮ್ಮ ಕಾಸರಗೋಡಲ್ಲಿ

ಕಾಸರಗೋಡು ಹೊಸ ಬಸ್ ಸ್ಟ್ಯಾಂಡಲ್ಲಿ ನಿಂತವರ ಹತ್ರ ಗುರ್ತ ಇಲ್ಲದವ ಒಬ್ಬ ಸೀದಾ ನಡ್ಕೊಂಡು ಬಂದ್ರೆ ಅವರ ಮಂಡೆಯಲ್ಲಿ ಓಡುದು ಇಷ್ಟೇ, ಒಂದೋ ಇವ ಲಾಟರಿ ಮಾರ್ಲಿಕ್ಕೆ ಬಂದದ್ದು, ಇಲ್ದಿದ್ರೆ ಕಂಕುಳಲ್ಲಿ ರಶೀದಿ ಪುಸ್ತಕ ಉಂಟು, ಅದೂ ಅಲ್ಲದಿದ್ರೆ ಎಲ್ಲೋ ಮರೆಯಲ್ಲಿ ಮೊಬೈಲ್ ಇಟ್ಟು ಪ್ರ್ಯಾಂಕ್ ಮಾಡ್ತಾ ಇದ್ದಾನೆ. ನೀವು ಬಾಯಿ ಬಿಡುವ ಮೊದ್ಲೇ ಅವರು "ಬೇಡ" ಅಂತ ಕೈ ಆಡಿಸಿ ಆಗಿರ್ತದೆ. ರಸ್ತೆಯಲ್ಲಿ ಮ್ಯಾಜಿಕ್ ಮಾಡ್ಬೇಕು ಅಂತ ಆಸೆ ಇರುವ ಹುಡುಗರೆಲ್ಲ ಮೊದ್ಲು ಕೇಳುದು ಯಾವ ಟ್ರಿಕ್ ಕಲಿಯುದು ಅಂತ. ಟ್ರಿಕ್ಕಿಗೆ ಎಂತ ಬರಗಾಲ, ಯೂಟ್ಯೂಬ್ ತುಂಬ ಅದೇ ಉಂಟು. "ಇವನಿಗೆ ನನ್ನಿಂದ ಎಂತ ಬೇಕು" ಅಂತ ಎದುರಿನವರಿಗೆ ಬರುವ ಸಂಶಯ ಉಂಟಲ್ಲ, ಅದಕ್ಕೆ ಮೊದಲ ಹತ್ತು ಸೆಕೆಂಡಲ್ಲಿ ಉತ್ತರ ಸಿಗದಿದ್ರೆ ನಿಮ್ಮ ಕೈಚಳಕ ಮನೆಯ ಕನ್ನಡಿಗೆ ಮಾತ್ರ.

ಟೀವಿಯಲ್ಲಿ ನೋಡಿದ್ದನ್ನು ಹಾಗೇ ಇಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ. 1997ರಲ್ಲಿ ಡೇವಿಡ್ ಬ್ಲೇನ್ ಅಮೆರಿಕದ ರಸ್ತೆಗಳಲ್ಲಿ ಮಾಡಿದ್ದು ಎಬಿಸಿ ಚಾನೆಲಲ್ಲಿ ಬಂದ ಮೇಲೆ ಈ ಸ್ಟೈಲ್ ಲೋಕ ಇಡೀ ಹಬ್ಬಿತು, ಕ್ಯಾಮೆರಾವನ್ನು ಮ್ಯಾಜಿಷಿಯನ್ ಬಿಟ್ಟು ನೋಡುವವರ ಮುಖಕ್ಕೆ ತಿರುಗಿಸಿದ್ದೇ ಅದ್ರ ದೊಡ್ಡ ಸಂಗತಿ. ಆದ್ರೆ ಕ್ಯಾಮೆರಾ ಕಂಡ ಕೂಡ್ಲೆ ಜನಕ್ಕೆ ಇದು ಶೋ ಅಂತ ಗೊತ್ತಾಗ್ತದೆ, ಹೆದರಿಕೆ ಅರ್ಧ ಹೋಗ್ತದೆ. ನಮ್ಮ ಹಿಂದೆ ಬದಿಯಡ್ಕಕ್ಕೆ ಹೋಗುವ ಬಸ್ಸು ಬಿಟ್ರೆ ಬೇರೆ ಯಾರೂ ಇರುದಿಲ್ಲ ಮಾರಾಯ್ರೆ.

ಯಾರ ಹತ್ರ ಹೋಗುದು

ಕಾಯ್ತಾ ಇರುವವರ ಹತ್ರ ಹೋಗಿ, ನಡೀತಾ ಇರುವವರನ್ನು ನಿಲ್ಲಿಸ್ಬೇಡಿ, ಇದೊಂದು ನೆನಪಿದ್ರೆ ಅರ್ಧ ಕೆಲಸ ಆಯ್ತು. ಮುಳ್ಳೇರಿಯಾದಲ್ಲಿ ಮಧ್ಯಾಹ್ನ ಬಸ್ಸು ಕಾಯುವವರಿಗೆ ಮಾಡ್ಲಿಕ್ಕೆ ಬೇರೆ ಕೆಲಸ ಇಲ್ಲ, ಮೊಬೈಲ್ ನೋಡಿ ನೋಡಿ ಬೇಜಾರಾಗಿ ಈಗ ರಸ್ತೆ ನೋಡ್ತಾ ಇರ್ತಾರೆ, ಅಂಥವರು ಸಿಕ್ಕಿದ್ರೆ ಬಿಡ್ಬೇಡಿ. ಆದ್ರೆ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು ಅಂತಾದ್ರೆ ಶುರು ಮಾಡ್ಲೇಬೇಡಿ, ಅರ್ಧದಲ್ಲಿ ಓಡ್ಬೇಕಾದವ ನಿಮ್ಮ ಮ್ಯಾಜಿಕ್ ಮರೀತಾನೆ, ಬಸ್ಸು ತಪ್ಪಿದ್ದನ್ನು ಮರೆಯುದಿಲ್ಲ. ಒಬ್ರೇ ಇರುವವರಿಗಿಂತ ಮೂರು ನಾಲ್ಕು ಜನ ಒಟ್ಟಿಗೆ ಇರುವವರು ಸುಲಭ, ಯಾಕಂದ್ರೆ ಒಟ್ಟಿಗಿರುವವರಿಗೆ ಹೆದರಿಕೆ ಕಮ್ಮಿ, ಒಬ್ಬ ನಗಾಡಿದ್ರೆ ಉಳಿದವರೂ ನಗಾಡ್ತಾರೆ. ಆ ಗುಂಪಲ್ಲಿ ಬೊಬ್ಬೆ ಹಾಕುವ ಲೀಡರ್ ಒಬ್ಬ ಇರ್ತಾನೆ, ಅವನ ಕೈಗೆ ಮೊದ್ಲು ಸಾಮಾನು ಕೊಡ್ಬೇಡಿ. ಬದಿಯಲ್ಲಿ ನಿಂತು ಇಣುಕಿ ನೋಡುವ ಮೆಲು ಮಾತಿನವನ ಕೈಗೆ ಕೊಡಿ. ಅವ ಬೆಚ್ಚಿ ಬಿದ್ದದ್ದು ಕಂಡ್ರೆ ಲೀಡರ್ ತಾನಾಗಿ ಮುಂದೆ ಬರ್ತಾನೆ.

ಯಾರ ಹತ್ರ ಹೋಗ್ಬಾರ್ದು ಅನ್ನುದು ಇದಕ್ಕಿಂತ ಮುಖ್ಯ. ಮಂಗಳೂರು ಕಡೆ ಹೋಗುವ ರೈಲಿಗೆ ಕಾಯುವವರ ಕೈ ನೋಡಿ ಮೊದ್ಲು. ಪ್ಲಾಸ್ಟಿಕ್ ಕವರಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ರಿಪೋರ್ಟು, ಆಸ್ಪತ್ರೆ ಫೈಲು ಕಂಡ್ರೆ ಅವರ ಹತ್ರ ಹೋಗ್ಲೇಬೇಡಿ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಅಂತಾದ್ರೆ ಮಂಗಳೂರಿಗೇ ಓಡುದು, 2020ರಲ್ಲಿ ಲಾಕ್‌ಡೌನಲ್ಲಿ ತಲಪಾಡಿ ಗಡಿ ಬಂದ್ ಆದಾಗ ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು, ನೆನಪಿರಬಹುದು. ಆ ಫೈಲ್ ಹಿಡ್ಕೊಂಡು ಕೂತವರ ಎದುರು ನಾಣ್ಯ ಮಾಯ ಮಾಡಿ ಎಂತ ಮಾಡುದು. ಆಮೇಲೆ ಒಬ್ರೇ ಇರುವ ಹೆಂಗಸರು, ಜೊತೆಗೆ ದೊಡ್ಡವರು ಇಲ್ಲದ ಮಕ್ಕಳು, ದುಡ್ಡು ಎಣಿಸ್ತಾ ಇರುವವರು, ಸಂಜೆ ಮೇಲೆ ಸ್ವಲ್ಪ ಏರಿಸಿ ಬಂದವರು, ಇವರನ್ನೆಲ್ಲ ಬಿಟ್ಟುಬಿಡಿ. ಮಕ್ಕಳು ಅಪ್ಪ ಅಮ್ಮನ ಜೊತೆ ಇದ್ರೆ ದೊಡ್ಡವರ ಹತ್ರ ಕೇಳಿ, ಮಗುವಿನ ಹತ್ರ ಅಲ್ಲ.

ಹೋಗುವ ರೀತಿ, ಮೊದಲ ಮಾತು

ಹಿಂದಿನಿಂದ ಬಂದು ಹೆಗಲು ತಟ್ಟುದು ಬೇಡ. ಅವರಿಗೆ ನೀವು ಬರುದು ದೂರದಿಂದ ಕಾಣ್ಬೇಕು, ಎರಡೂ ಕೈ ಹೊರಗೆ ಇರ್ಬೇಕು, ಬ್ಯಾಗ್ ಇದ್ರೆ ಬೆನ್ನಿಗೆ ಹಾಕಿ, ಕೈಯಲ್ಲಿ ಕಾಗದ ಅಂತೂ ಇರ್ಲೇಬಾರ್ದು, ಕಾಗದ ಕಂಡ್ರೆ ಲಾಟರಿ ಅಂತ ಲೆಕ್ಕ. ಸೀದಾ ಎದುರು ಹೋಗಿ ನಿಲ್ಲದೆ ಸ್ವಲ್ಪ ಓರೆಯಾಗಿ, ಅವರಿಗೆ ಎದ್ದು ಹೋಗ್ಲಿಕ್ಕೆ ದಾರಿ ಬಿಟ್ಟು, ಒಂದೂವರೆ ಮಾರು ದೂರದಲ್ಲಿ ನಿಲ್ಲಿ. ಆಮೇಲೆ ಹೇಳ್ಬೇಕಾದ್ದು ಮೂರೇ ಸಂಗತಿ, ನೀವು ಯಾರು, ಎಷ್ಟು ಹೊತ್ತು, ದುಡ್ಡು ಬೇಡ. "ಅಣ್ಣ, ನಾನು ಮ್ಯಾಜಿಕ್ ಪ್ರಾಕ್ಟೀಸ್ ಮಾಡುದು, ಒಂದು ನಿಮಿಷ ಉಂಟಾ, ದುಡ್ಡೆಲ್ಲ ಎಂತ ಬೇಡ." ಇಷ್ಟು ಸಾಕು. "ನಿಮಗೊಂದು ಅದ್ಭುತ ತೋರಿಸ್ತೇನೆ" ಅಂತ ಶುರು ಮಾಡಿದ್ರೆ ಸ್ಟೇಜ್ ಮೇಲೆ ಚಪ್ಪಾಳೆ ಬೀಳಬಹುದು, ರಸ್ತೆಯಲ್ಲಿ ಜನ ಪರ್ಸ್ ಮುಟ್ಟಿ ನೋಡ್ಕೊಳ್ತಾರೆ.

ಭಾಷೆ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಬೆಂಗಳೂರಿನವನಿಗೆ ಈ ತಲೆಬಿಸಿ ಇಲ್ಲ. ನಮ್ಮಲ್ಲಿ ಬದಿಯಡ್ಕ, ನೀರ್ಚಾಲು, ಮುಳ್ಳೇರಿಯಾ ಕಡೆ ಕನ್ನಡದಲ್ಲಿ ಶುರು ಮಾಡಿದ್ರೆ ತೊಂದ್ರೆ ಇಲ್ಲ, ಮಂಜೇಶ್ವರ ಉಪ್ಪಳದಲ್ಲಿ ತುಳು ಕೂಡ ನಡೀತದೆ, ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡ್ ಕಡೆ ಹೋದ್ರೆ ಮಲಯಾಳವೇ. ಡ್ರೆಸ್ ನೋಡಿ ಭಾಷೆ ಅಂದಾಜು ಮಾಡ್ಬೇಡಿ, ತಪ್ಪಿದ್ರೆ ಎದುರಿನವರಿಗೆ ಸಿಟ್ಟು ಬರ್ಲಿಕ್ಕೂ ಸಾಕು. ಅವರು ಪಕ್ಕದವರ ಹತ್ರ ಯಾವ ಭಾಷೆಯಲ್ಲಿ ಮಾತಾಡ್ತಾರೆ ಅಂತ ಅರ್ಧ ನಿಮಿಷ ಕಿವಿಗೊಟ್ಟು ಕೇಳಿ, ಅದ್ರಲ್ಲೇ ಹೋಗಿ. ಮಲಯಾಳದಲ್ಲಿ "ಒರು ಮಿನಿಟ್ ಉಂಡಾ, ಪೈಸ ವೇಂಡ", ತುಳುವಿನಲ್ಲಿ "ಒಂಜಿ ನಿಮಿಷ ಉಂಡಾ, ದುಡ್ಡು ಬೊಡ್ಚಿ", ಇಷ್ಟನ್ನು ಬಾಯಿಪಾಠ ಮಾಡಿಟ್ಕೊಳ್ಳಿ, ಉಚ್ಚಾರ ಹೆಚ್ಚು ಕಮ್ಮಿ ಆದ್ರೆ ಅವರೇ ನಗಾಡಿ ಸರಿ ಮಾಡ್ತಾರೆ, ನಗಾಡಿದ್ರೆ ನಿಮಗೇ ಲಾಭ. ಮಲಯಾಳ ಮಾತಾಡುವ ವಯಸ್ಸಾದವರು ಸಿಕ್ಕಿದ್ರೆ ಕೇರಳದ ಮ್ಯಾಜಿಷಿಯನ್ ಗೋಪಿನಾಥ್ ಮುತುಕಾಡ್ ಹೆಸರು ಬರುದು ಗ್ಯಾರಂಟಿ, ಇನ್ನೂ ಹಳೇ ಜನ ಆದ್ರೆ ಹಿಂದಿನ ಕಾಲದ ಮ್ಯಾಜಿಷಿಯನ್ ವಾಳಕುನ್ನಂ ನಂಬೂದಿರಿಯವರ ಚೆಪ್ಪುಂ ಪಂದುಂ, ಅಂದ್ರೆ ಬಟ್ಟಲು ಚೆಂಡಿನ ಆಟದ ಸುದ್ದಿ ತೆಗೀತಾರೆ. ಕುಂಬಳೆಯಿಂದ ಮಂಗಳೂರು ಕಡೆಗೆ ಬಂದ್ರೆ ಅಲ್ಲಿಯ ಮ್ಯಾಜಿಷಿಯನ್ ಕುದ್ರೋಳಿ ಗಣೇಶ್ ಹೆಸರು ಕೇಳ್ಬಹುದು. ಆಗ "ನಾನು ಅವರಿಗಿಂತ..." ಅಂತೆಲ್ಲ ಹೊರಡ್ಬೇಡಿ, ಅವರ ನೆನಪು ಅವರು ಹೇಳ್ಲಿ, ಕೇಳಿ, ಅಷ್ಟು ಹೊತ್ತಿಗೆ ಸಂಶಯ ಹೋಗಿ ಆಗಿರ್ತದೆ.

ಇನ್ನೂ ಧೈರ್ಯ ಬರುದಿಲ್ಲ ಅಂತಾದ್ರೆ ಒಂದು ದಾರಿ ಉಂಟು, ನನ್ನ ಪ್ರಕಾರ ಹೊಸಬರಿಗೆ ಇದೇ ಬೆಸ್ಟು. ಯಾವುದಾದ್ರೂ ಚಾಯದ ಅಂಗಡಿಗೆ ಹೋಗಿ ಒಂದು ಚಾಯ, ಒಂದು ಗೋಳಿಬಜೆ ತಗೊಳ್ಳಿ, ತಿಂದು ದುಡ್ಡು ಕೊಡುವಾಗ ಅಂಗಡಿಯವನಿಗೆ ಒಂದು ಸಣ್ಣ ಟ್ರಿಕ್ ತೋರಿಸಿ, ಅವನದ್ದೇ ಚಿಲ್ಲರೆಯಿಂದ. ಅಂಗಡಿಯವ ನಿತ್ಯದ ಜನರಿಗೆ ಗುರ್ತದವ, ಅವ "ಏ ಇಲ್ಲಿ ನೋಡಿ ಮಾರ್ರೆ" ಅಂದ ಅಂತಾದ್ರೆ ನೀವು ಅಪರಿಚಿತ ಅಲ್ಲ ಇನ್ನು. ರಿಕ್ಷಾ ಸ್ಟ್ಯಾಂಡಲ್ಲಿಯೂ ಹಾಗೇ, ಮೊದಲ ಸಾಲಿನಲ್ಲಿರುವವನಿಗೆ ಬಾಡಿಗೆ ಬರ್ತದೆ ಅಂತ ಗಮನ ಎಲ್ಲ ರಸ್ತೆಯಲ್ಲಿ, ಕಡೆಗೆ ನಿಂತವ ಪುರ್ಸೊತ್ತಲ್ಲಿ ಇರ್ತಾನೆ, ಅವನಿಂದ ಶುರು ಮಾಡಿ.

ಕಿಸೆಯಿಂದ ಮೊದ್ಲು ಎಂತ ತೆಗೆಯುದು

ಇಸ್ಪೀಟು ಅಂತೂ ಅಲ್ಲ. ತುಂಬ ಮ್ಯಾಜಿಕ್ ಪಾಠದಲ್ಲಿ ಕಾರ್ಡಿನಿಂದ ಶುರು ಮಾಡ್ಲಿಕ್ಕೆ ಹೇಳ್ತಾರೆ, ಅದು ಲಂಡನ್‌ಗೆ ಸರಿ. ಇಲ್ಲಿ ಜಾತ್ರೆ ಗದ್ದೆ, ಕೋಳಿ ಅಂಕ ಅಂದ್ರೆ ಬದಿಯಲ್ಲಿ ಉಲಾಯಿ ಪಿದಾಯಿ ಅನ್ನುವ ಇಸ್ಪೀಟು ಜುಗಾರಿ ನಡೀತದೆ ಅಂತ ಎಲ್ರಿಗೂ ಗೊತ್ತು, ಹೊಳೆ ಆಚೆ ಪುಳ್ಳಿಮುರಿ ಅಂತಾರೆ, ಅದಕ್ಕೆ ಪೊಲೀಸ್ ಜೀಪು ಬರುದೂ ಎಲ್ರಿಗೂ ಗೊತ್ತು, ಕೇರಳದಲ್ಲಿ ಜುಗಾರಿಗೆ 1960ರ ಗೇಮಿಂಗ್ ಆಕ್ಟ್ ಉಂಟು. ನೀವು ಗುಂಪಿನ ಮಧ್ಯೆ ಕಾರ್ಡ್ ಕಲಸ್ತಾ ನಿಂತಿರುದನ್ನು ದೂರದಿಂದ ನೋಡಿದವನಿಗೆ ಅದು ಮ್ಯಾಜಿಕ್ ಅಂತ ಕಾಣುದಿಲ್ಲ. ಹತ್ರ ನಿಂತವರಿಗೂ ಈಗ ಬೆಟ್ ಕಟ್ಲಿಕ್ಕೆ ಹೇಳ್ತಾನೆ ಅಂತ ಒಂದು ಅಳುಕು. ಕಾರ್ಡ್ ತರ್ಲೇಬಾರ್ದು ಅಂತ ಅಲ್ಲ, ಮೂರನೇ ಟ್ರಿಕ್ಕಾಗಿ ತನ್ನಿ, ಆಗ ನೀವು ಯಾರು ಅಂತ ಅವರಿಗೆ ಗೊತ್ತಾಗಿರ್ತದೆ.

ಮೊದಲ ಟ್ರಿಕ್ಕಿಗೆ ರಬ್ಬರ್ ಬ್ಯಾಂಡ್ ಬಿಟ್ರೆ ಬೇರೆ ಇಲ್ಲ. ಒಂದು ಬ್ಯಾಂಡ್ ಇನ್ನೊಂದ್ರ ಒಳಗಿಂದ ದಾಟಿ ಹೊರಗೆ ಬರುವ ಟ್ರಿಕ್ಕಿಗೆ ಕ್ರೇಜಿ ಮ್ಯಾನ್ಸ್ ಹ್ಯಾಂಡ್‌ಕಫ್ಸ್ ಅಂತ ಹೆಸರು, ವೀಡಿಯೋಗಳು ಬೇಕಾದಷ್ಟು ಉಂಟು, ಒಂದು ವಾರ ಬೆರಳು ನೋವು ಮಾಡ್ಕೊಂಡ್ರೆ ಬರ್ತದೆ. ಮೇಜು ಬೇಡ, ಮಾತು ಬೇಡ ಅಂದ್ರೆ ನಮ್ಮ ಜಿಲ್ಲೆಯ ಏಳು ಭಾಷೆಗೂ ನಡೀತದೆ, ಮುಗಿದ ಕೂಡ್ಲೆ ಮೊದಲಿನ ಹಾಗೇ ಆಗ್ತದೆ, ಪರೀಕ್ಷೆ ಮಾಡ್ಲಿಕ್ಕೆ ಕೈಗೆ ಕೊಡ್ಬಹುದು. ಎಲ್ಲಕ್ಕಿಂತ ದೊಡ್ಡದು, ಬ್ಯಾಂಡ್ ನಿಮ್ಮದಾಗಿರ್ಬೇಕು ಅಂತಲೂ ಇಲ್ಲ, ಬೇಕರಿ ಕೌಂಟರಲ್ಲಿ ಪಾರ್ಸೆಲ್ ಕಟ್ಲಿಕ್ಕೆ ಇಟ್ಟದ್ರಲ್ಲಿ ಎರಡು ಕೇಳಿ ತಗೊಳ್ಳಿ. ಅವರ ಸಾಮಾನಿನಲ್ಲಿ ಮಾಡಿದ ಮ್ಯಾಜಿಕ್ಕಿಗೆ ಬೆಲೆ ಬೇರೆಯೇ.

ನಾಣ್ಯ ಆದ್ರೆ 10 ರೂಪಾಯಿಯದ್ದು ತಗೊಳ್ಳಿ, 27 ಮಿಲಿಮೀಟರ್ ಅಗಲ, ಎರಡು ಬಣ್ಣ ಇರುದರಿಂದ ದೂರಕ್ಕೂ ಕಾಣ್ತದೆ, ಅಂಚು ಅಂಗೈ ಮಾಂಸಕ್ಕೆ ಸರಿ ಕಚ್ಚಿ ಕೂರ್ತದೆ. ವಿದೇಶದ ವೀಡಿಯೋಗಳಲ್ಲಿ ಹಿಡ್ಕೊಳ್ಳುದು ಅಮೆರಿಕದ ಹಾಫ್ ಡಾಲರ್, ಅದು 30.6 ಮಿಲಿಮೀಟರ್, ಆ ಲೆಕ್ಕದಲ್ಲಿ ಕಲಿತವರು 5 ರೂಪಾಯಿಯ ಹಿತ್ತಾಳೆ ಬಣ್ಣದ ನಾಣ್ಯದಲ್ಲಿ ಪಾಮ್ ಮಾಡ್ಲಿಕ್ಕೆ, ಅಂದ್ರೆ ಅಂಗೈಯಲ್ಲಿ ಅಡಗಿಸ್ಲಿಕ್ಕೆ ಹೋದ್ರೆ ಜಾರಿ ಬೀಳ್ತದೆ, ಅದು ಹಳೇದಾದ್ರೆ 23, ಹೊಸದಾದ್ರೆ 25 ಮಾತ್ರ. ಫ್ರೆಂಚ್ ಡ್ರಾಪ್ ಕಲೀರಿ, ಎಡಗೈಯ ನಾಣ್ಯವನ್ನು ಬಲಗೈ ತಗೊಂಡ ಹಾಗೆ ಮಾಡಿ ಎಡಗೈಯಲ್ಲೇ ಬೀಳಿಸುದು, ಬೆರಳಿನ ಕೆಲಸ ಎರಡು ದಿನದಲ್ಲಿ ಬರ್ತದೆ, ಕಣ್ಣಿನ ಕೆಲಸಕ್ಕೆ ತಿಂಗಳು ಬೇಕು. ನಿಮ್ಮ ಕಣ್ಣು ಖಾಲಿ ಬಲಗೈಯ ಹಿಂದೆ ಹೋದ್ರೆ ಅವರದ್ದೂ ಹೋಗ್ತದೆ. ನೀವು ಒಂದು ಸಲ ಎಡಗೈ ನೋಡಿದ್ರೆ ಮುಗೀತು ಕಥೆ.

ಯಾರದ್ದೂ ಉಂಗುರ, ಸರ, ತಾಳಿ ಇಂಥದ್ದನ್ನೆಲ್ಲ ಕೇಳ್ಬೇಡಿ. ನೋಟಿಗೆ ಗೀಚುದು, ಹರಿಯುದು, ಸುಡುದೂ ಬೇಡ, ಟ್ರಿಕ್ ಎಷ್ಟು ಚಂದ ಇದ್ರೂ.

ಒಂದು ಕೈಯ ಹತ್ರ

ಈಗ ಉಪ್ಪಳದ ಒಂದು ಬೇಕರಿ ಎದುರು ಮೂರು ಜನ ನಿಂತಿದ್ದಾರೆ ಅಂತ ಇಟ್ಕೊಳ್ಳಿ. ರಬ್ಬರ್ ಬ್ಯಾಂಡ್ ಆಯ್ತು, ಒಬ್ಬರು ವಯಸ್ಸಾದವರು ಕೊಡೆ ಕಂಕುಳಲ್ಲಿ ಇಟ್ಟು "ಇದೆಂತ, ರಬ್ಬರ್ ಅಲ್ವಾ, ಎಳೀತದೆ" ಅಂತಾರೆ. ಸರಿ, ಅವರಿಗೆ ಸ್ಪಂಜ್ ಬಾಲ್ ಮಾಡಿ. ಕೆಂಪು ಸ್ಪಂಜಿನ ಉಂಡೆ ಒಂದನ್ನು ಬೆರಳ ತುದಿಯಲ್ಲಿ ತೋರಿಸಿ, "ಕೈ ಕೊಡ್ತೀರಾ" ಅಂತ ಕೇಳಿ, ಅವರೇ ಚಾಚುವವರೆಗೆ ಕಾಯಿರಿ, ನೀವು ಹಿಡಿದು ಎಳೀಬೇಡಿ. ನಿಮ್ಮ ಬೆರಳಲ್ಲಿ ಇರುದು ಒಂದಲ್ಲ, ಎರಡು, ಒತ್ತಿ ಹಿಡಿದದ್ದು. ಅದನ್ನು ಅವರ ಅಂಗೈ ನಡುವೆ ಇಟ್ಟು ನಿಮ್ಮ ಬೆರಳು ಬಿಡುವ ಮೊದ್ಲು "ಮುಚ್ಚಿ, ಗಟ್ಟಿ" ಅನ್ನಿ. ಮುಚ್ಚಿದ ಮೇಲೆ ಸ್ಪಂಜು ಒಳಗೆ ಉಬ್ಬುದು ಅವರಿಗೆ ಗೊತ್ತಾಗುದಿಲ್ಲ, ಗಟ್ಟಿ ಹಿಡೀಬೇಕು ಅನ್ನುವ ಗಮನದಲ್ಲಿ ಎಲ್ಲ ಒಂದೇ ಅನ್ನಿಸ್ತದೆ. ಆಮೇಲೆ ಇನ್ನೊಂದು ಉಂಡೆ ನಿಮ್ಮ ಕೈಯಲ್ಲಿ ತಗೊಂಡ ಹಾಗೆ ಮಾಡಿ ಮಾಯ ಮಾಡಿ, ಮತ್ತೆ ಸುಮ್ಮನಿರಿ. ಇಲ್ಲಿ ಮಾತಾಡ್ಲೇಬೇಡಿ. ಎಲ್ಲರೂ ನಿಮ್ಮ ಕೈ ನೋಡಿ, ಮುಖ ನೋಡಿ, ಆಮೇಲೆ ಅವರ ಮುಷ್ಟಿ ನೋಡ್ತಾರೆ. ಅವರಿಗೇ ಡೌಟ್ ಬಂದು ಬೆರಳು ಸ್ವಲ್ಪ ಸಡಿಲ ಆಗ್ತದೆ, ಒಳಗಿನಿಂದ ಕೆಂಪು ಒತ್ತಿಕೊಂಡು ಹೊರಗೆ ಬರ್ತದೆ, ಕೊಡೆ ಕೆಳಗೆ ಬೀಳ್ತದೆ. ಆ ಕೊಡೆ ಹೆಕ್ಕಿ ಕೊಡುದು ನಿಮ್ಮ ಕೆಲಸ.

ಹೆಂಗಸರ ಗುಂಪಿದ್ರೆ ಉಂಡೆಯನ್ನು ಮೇಲಿನಿಂದ ಅಂಗೈಗೆ ಬಿಡುವ ಹಾಗೆ ಮಾಡಿ, ಕೈ ಮುಟ್ಟದೆ ಆಗ್ತದೆ, ಅಥವಾ ಅವರ ಜೊತೆ ಇರುವ ಮಗುವಿನ ಕೈಗೆ ಇಡ್ಸಿ. ಮಕ್ಕಳು ಕಷ್ಟದ ಗಿರಾಕಿಗಳು, ಇದನ್ನು ತಿಳಿದಿರಿ. ದೊಡ್ಡವರು ನೀವು ತೋರಿಸಿದಲ್ಲಿ ನೋಡ್ತಾರೆ, ಮಕ್ಕಳು ಅವರಿಗೆ ಕಂಡಲ್ಲಿ ನೋಡ್ತಾರೆ, ಅದೂ ಅಲ್ಲದೆ ಎತ್ತರ ಕಮ್ಮಿ ಇರುದರಿಂದ ಅಂಗೈಯ ಅಡಿ ಸೀದಾ ಅವರ ಕಣ್ಣಿಗೆ. ಬಾಗಿ, ಅಥವಾ ಕುಕ್ಕುರುಗಾಲಲ್ಲಿ ಕೂತು ಮಾಡಿ.

"ಗೊತ್ತುಂಟು" ಅನ್ನುವವರು

"ಇದು ನಂಗೆ ಗೊತ್ತುಂಟು, ಯೂಟ್ಯೂಬಲ್ಲಿ ನೋಡಿದ್ದೇನೆ" ಅನ್ನುವವ ಎಲ್ಲಾ ಕಡೆಯೂ ಒಬ್ಬ ಇರ್ತಾನೆ. ಅವನ ಹತ್ರ ಜಗಳಕ್ಕೆ ಹೋದ್ರೆ ಗುಂಪು ಅವನ ಕಡೆ, ಯಾಕಂದ್ರೆ ಅವ ಊರಿನವ, ನೀವು ಬಂದವರು. "ಹೌದಾ, ಹಾಗಾದ್ರೆ ಹೇಳ್ಬೇಡಿ ಆಯ್ತಾ, ನಾವಿಬ್ರೇ ಇಟ್ಕೊಳ್ಳುವ" ಅಂತ ಅವನನ್ನು ನಿಮ್ಮ ಪಾರ್ಟಿಗೆ ಸೇರಿಸ್ಕೊಳ್ಳಿ, ಮುಂದಿನ ಟ್ರಿಕ್ಕಲ್ಲಿ ಸಾಮಾನು ಅವನ ಕೈಗೇ ಕೊಡಿ. "ಇನ್ನೊಮ್ಮೆ ಮಾಡು" ಅಂದ್ರೆ ಅದನ್ನೇ ಮಾಡ್ಬೇಡಿ, ಎರಡನೇ ಸಲ ಎಲ್ಲಿ ನೋಡ್ಬೇಕು ಅಂತ ಅವರಿಗೆ ಗೊತ್ತಿರ್ತದೆ, ಬೇರೆ ತೋರಿಸಿ. ಕೈ ಹಿಡಿದು ತಿರುಗಿಸ್ಲಿಕ್ಕೆ ಬರುವವ ಸಿಕ್ಕಿದ್ರೆ ನಗಾಡಿ ಅಲ್ಲಿಗೆ ನಿಲ್ಸಿ. "ಬೇಡ" ಅಂದವರಿಗೆ "ಆಯ್ತು ಅಣ್ಣ" ಅಂತ ಹೇಳಿ ಕೂಡ್ಲೆ ಹೋಗ್ಬೇಕು, ಅಲ್ಲೇ ಪಕ್ಕದಲ್ಲಿ ನಿಂತು ಬೇರೆಯವರಿಗೆ ತೋರಿಸ್ತಾ ಇವರ ಕಡೆ ನೋಡುದೆಲ್ಲ ಬೇಡ.

ಇದಕ್ಕಿಂತ ತಲೆಬಿಸಿ ಇನ್ನೊಂದು. ಎದುರಿನವರು ಮನಸ್ಸಲ್ಲಿ ನೆನೆಸಿದ ಕಾರ್ಡ್ ಹೇಳುದು, ಹೆಸರಿನ ಮೊದಲ ಅಕ್ಷರ ಹೇಳುದು ಅಂತ ಮೈಂಡ್ ರೀಡಿಂಗ್ ಮಾಡಿದ್ರೆ ಗುಂಪು ಚದುರಿದ ಮೇಲೆ ಒಬ್ಬರು ಮೆಲ್ಲ ಹಿಂದೆ ಬರ್ತಾರೆ, ಮನೆಯಲ್ಲಿ ಚಿನ್ನ ಕಳೆದದ್ದು ಯಾರು ತಗೊಂಡದ್ದು ಅಂತ ಹೇಳ್ಬಹುದಾ, ಮಗನಿಗೆ ಯಾರೋ ಮಾಟ ಮಾಡಿದ ಹಾಗೆ ಉಂಟು, ತೆಗೀಲಿಕ್ಕೆ ಆಗ್ತದಾ ಅಂತ. ಅವರು ಕುಶಾಲು ಮಾಡುದಲ್ಲ. ಆಗ ಮಿಸ್ಟರಿ ಗಿಸ್ಟರಿ ಎಲ್ಲ ಬದಿಗಿಟ್ಟು ಸ್ಪಷ್ಟ ಹೇಳ್ಬೇಕು, ಇದು ಪ್ರಾಕ್ಟೀಸ್ ಮಾಡಿದ ಕೈಚಳಕ, ನಂಗೆ ಎಂತ ಶಕ್ತಿಯೂ ಇಲ್ಲ, ಹುಷಾರಿಲ್ಲದಿದ್ರೆ ಡಾಕ್ಟ್ರ ಹತ್ರ ಹೋಗಿ ಅಂತ. ಬೇಕಾದ್ರೆ ಒಂದು ಸಣ್ಣ ಟ್ರಿಕ್ಕಿನ ಗುಟ್ಟು ಅವರಿಗೆ ಹೇಳಿಕೊಡಿ, ಮ್ಯಾಜಿಷಿಯನ್‌ಗಳು ಗುಟ್ಟು ಬಿಡ್ಬಾರ್ದು ಅನ್ನುವ ನಿಯಮ ಇಲ್ಲಿ ನಡೆಯುದಿಲ್ಲ. ತಾಯಿತ, ಮಂತ್ರದಿಂದ ಕಾಯಿಲೆ ಗುಣ ಆಗ್ತದೆ ಅಂತ ಜಾಹೀರಾತು ಮಾಡಿದ್ರೆ 1954ರ ಡ್ರಗ್ಸ್ ಆಂಡ್ ಮ್ಯಾಜಿಕ್ ರೆಮಿಡೀಸ್ ಕಾನೂನು ಉಂಟು. ಆದ್ರೆ ಕಾನೂನಿಗೆ ಹೆದರಿ ಅಲ್ಲ, ಹಾಗೆ ಕೇಳಿ ಬಂದವರ ಮುಖ ನೋಡಿದ್ರೆ ಸುಳ್ಳು ಹೇಳ್ಲಿಕ್ಕೆ ಮನಸ್ಸು ಬರ್ಲಿಕ್ಕಿಲ್ಲ. ನಾನಂತೂ ರಸ್ತೆಯಲ್ಲಿ ಮೈಂಡ್ ರೀಡಿಂಗ್ ಮಾಡುದೇ ಇಲ್ಲ, ಕಾಲೇಜು ಹುಡುಗರ ಎದುರು ಮಾತ್ರ.

ಜಾಗ, ಹೊತ್ತು

ಮಧೂರು, ಕುಂಬಳೆ ಜಾತ್ರೆಗಳಲ್ಲಿ ಜನ ಖುಷಿಯಲ್ಲಿ ಇರ್ತಾರೆ, ಆದ್ರೆ ದೇವಸ್ಥಾನದ ಅಂಗಣದ ಒಳಗೆ ಬೇಡ, ಹೊರಗೆ ಚುರುಮುರಿ ಐಸ್‌ಕ್ರೀಂ ಸಾಲಿನ ಹತ್ರ ಮಾಡಿ. ಕೋಲ, ತೆಯ್ಯಂ ನಡೆಯುವಲ್ಲಿ ಮಾಡ್ಲೇಬೇಡಿ, ಅಲ್ಲಿ ಬಂದವರು ಬೇರೆ ಭಾವದಲ್ಲಿ ಬಂದಿರ್ತಾರೆ, ನಿಮ್ಮ ಕೈಚಳಕ ಅದನ್ನು ತಮಾಷೆ ಮಾಡಿದ ಹಾಗೆ ಆಗ್ತದೆ. ಯಕ್ಷಗಾನ ಇದ್ರೆ ಆಟ ಶುರು ಆಗುವ ಮೊದ್ಲು ಒಳ್ಳೆ ಹೊತ್ತು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಚೆಂಡೆ ಬಿದ್ದ ಮೇಲೆ ನಿಮ್ಮ ನಾಣ್ಯ ಯಾರಿಗೆ ಬೇಕು. ರಂಜಾನ್ ತಿಂಗಳಲ್ಲಿ ರಾತ್ರಿ ಪೇಟೆ ತೆರೆದಿರ್ತದೆ, ಜನ ಉಂಡು ಆರಾಮದಲ್ಲಿ ಇರ್ತಾರೆ, ಹಗಲು ಮಾತ್ರ ಉಪವಾಸದವರಿಗೆ ತೊಂದ್ರೆ ಕೊಡ್ಬೇಡಿ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಎಲ್ಲೂ ಬೇಡ.

ಬೇಕಲ ಕೋಟೆ ಅಂತ ಎಲ್ರೂ ಹೇಳ್ತಾರೆ. ಕೋಟೆ ಒಳಗೆ ಟಿಕೇಟು ಉಂಟು, ಪುರಾತತ್ವ ಇಲಾಖೆಯ ಕಾವಲು ಉಂಟು, ಗುಂಪು ಕೂಡಿಸಿದ್ರೆ ಕೇಳ್ತಾರೆ. ಪಕ್ಕದ ಪಳ್ಳಿಕ್ಕೆರೆ ಬೀಚ್ ಒಳ್ಳೇದು, ಸಂಜೆ ಹೊರ ಊರಿನವರು ಬಂದಿರ್ತಾರೆ, ಸುತ್ತಾಡ್ಲಿಕ್ಕೆ ಬಂದವರಿಗೆ ಪುರ್ಸೊತ್ತು ಉಂಟು, ಮನಸ್ಸೂ ಉಂಟು. ತೊಂದ್ರೆ ಗಾಳಿಯದ್ದು. ಕಾರ್ಡ್ ಹರಡಿದ್ರೆ ಸಮುದ್ರಕ್ಕೆ, ಉಪ್ಪು ಗಾಳಿಗೆ ಕಾಗದದ ಕಾರ್ಡ್ ಒಂದೇ ಸಂಜೆಯಲ್ಲಿ ಅಂಟಂಟು. ಸೂರ್ಯ ಮುಳುಗುವಾಗ ಬೆಳಕು ಪಶ್ಚಿಮದಿಂದ ಬರ್ತದೆ, ನೀವು ಸಮುದ್ರಕ್ಕೆ ಬೆನ್ನು ಹಾಕಿದ್ರೆ ನೋಡುವವರ ಕಣ್ಣಿಗೆ ಬಿಸಿಲು, ಅವರಿಗೆ ಕಾಣುದಿಲ್ಲ, ಸಿಟ್ಟು ಬರ್ತದೆ. ಅಡ್ಡಕ್ಕೆ ನಿಲ್ಲಿ.

ರೈಲಿನ ಒಳಗೆ ಬೇಡ. ಅಲ್ಲಿ ಯಾರಾದ್ರೂ ಒಂದು ರೂಪಾಯಿ ಕೊಟ್ರೂ ಭಿಕ್ಷೆ ಅಂತ ಹೇಳ್ಬಹುದು, ರೈಲಲ್ಲಿ ಭಿಕ್ಷೆ ಬೇಡ್ಬಾರ್ದು ಅಂತ ರೈಲ್ವೆ ಆಕ್ಟ್ 144ನೇ ಸೆಕ್ಷನ್ ಉಂಟು. ರಸ್ತೆಯಲ್ಲಿಯೂ ದುಡ್ಡು ತಗೊಳ್ಳದಿದ್ರೆ ಅರ್ಧ ರಗಳೆ ಇಲ್ಲ. ಬಲವಂತ ಮಾಡಿ ಕೊಡ್ಲಿಕ್ಕೆ ಬಂದ್ರೆ "ಚಾಯ ಕುಡಿಸಿ" ಅನ್ನಿ, ಕುಡಿಸ್ತಾರೆ. ಪೊಲೀಸರು ಬಂದು ಎಂತ ಇಲ್ಲಿ ಅಂತ ಕೇಳಿದ್ರೆ ಕೈ ತೋರಿಸಿ, ಹೇಳಿ, ಜನ ರಸ್ತೆಗೆ ಬಂದು ವಾಹನಕ್ಕೆ ಅಡ್ಡ ಆಗಿದ್ರೆ ಅಲ್ಲಿಗೆ ಮುಗಿಸಿ. ಕೇಳದೆ ಅವರಿಗೂ ಟ್ರಿಕ್ ತೋರ್ಸುವ ಉಮೇದು ಬೇಡ.

ವೀಡಿಯೋ ಮಾಡುದಾದ್ರೆ ಮೊದ್ಲೇ ಕೇಳಿ, ಮುಗಿದ ಮೇಲೂ ಒಮ್ಮೆ ಕೇಳಿ, ಬೆಚ್ಚಿ ಬಿದ್ದ ಮುಖ ಇನ್‌ಸ್ಟಾದಲ್ಲಿ ಬರುದು ಎಲ್ರಿಗೂ ಇಷ್ಟ ಇಲ್ಲ. ಎರಡು, ಹೆಚ್ಚಂದ್ರೆ ಮೂರು ಟ್ರಿಕ್ ತೋರಿಸಿ ಹೊರಡಿ, ನಂಬರ್ ಕೇಳ್ಬೇಡಿ, ಫಾಲೋ ಮಾಡಿ ಅಂತ ಗೋಗರೀಬೇಡಿ.

ಜೂನಿಂದ ಸೆಪ್ಟೆಂಬರ್‌ವರೆಗೆ ಕಾರ್ಡ್ ಮನೆಯಲ್ಲಿ ಡಬ್ಬದೊಳಗೆ ಇರ್ಲಿ. ಕಿಸೆಯಲ್ಲಿ ಕರ್ಚೀಫ್ ಎರಡು, ಬೆವರಿಗೊಂದು ಟ್ರಿಕ್ಕಿಗೊಂದು, ನಾಲ್ಕು ನಾಣ್ಯ, ಸ್ಪಂಜ್ ಉಂಡೆ, ಇಷ್ಟಾದ್ರೆ ಒಂದು ಸಂಜೆಗೆ ಸಾಕು. ರಬ್ಬರ್ ಬ್ಯಾಂಡ್ ಮಾತ್ರ ಒಂದು ಹಿಡಿ ಜಾಸ್ತಿ ಇಟ್ಕೊಳ್ಳಿ, ಮಕ್ಕಳು ನೋಡ್ಲಿಕ್ಕೆ ಅಂತ ತಗೊಳ್ತಾರೆ, ವಾಪಸ್ ಕೊಡುದಿಲ್ಲ.